ನಿಮ್ಮ ಟೈಗರ್ ಶವೆಲ್‌ನೋಸ್ ಯಾವ ನದಿಯದು? ದಕ್ಷಿಣ ಅಮೆರಿಕದ ದೊಡ್ಡ ಕ್ಯಾಟ್‌ಫಿಶ್‌ಗಳ ಊರು ಹುಡುಕುವ ಮಾರ್ಗದರ್ಶಿ

ನನ್ನ ಮೊದಲ ಟೈಗರ್ ಶವೆಲ್‌ನೋಸ್, ಅಂದರೆ ಮೈ ಮೇಲೆ ಪಟ್ಟೆ, ಸಲಿಕೆಯಂಥ ಚಪ್ಪಟೆ ಮೂತಿ ಇರುವ ಕ್ಯಾಟ್‌ಫಿಶ್, ಮನೆಗೆ ಬಂದಾಗ ಬೆರಳುದ್ದ ಇತ್ತು. "ಇದು ಪೆರು ಟೈಗರ್ ಸರ್, ಒರಿಜಿನಲ್, ಫಾರ್ಮಿಂದಲ್ಲ" ಅಂತ ಅಂಗಡಿಯ ಹುಡುಗ ಹೇಳಿದ. ಆ ಒಂದು ಮಾತಿಗೆ ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಮೀನು ಎರಡಡಿ ಮುಟ್ಟಿತ್ತು, ತಲೆ ದಪ್ಪಗಾಗಿತ್ತು, ಬಾಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಪೆರು ಹಾಗಿರಲಿ, ಭೂಮಿಯ ಯಾವ ನದಿಯಲ್ಲೂ ಅಂಥ ಮೀನಿಲ್ಲ. ರೆಡ್‌ಟೇಲ್ ಅನ್ನುವ ಕೆಂಪು ಬಾಲದ ಕ್ಯಾಟ್‌ಫಿಶ್ ಮತ್ತು ಟೈಗರ್ ಶವೆಲ್‌ನೋಸ್ ಎರಡನ್ನೂ ಫಾರ್ಮಿನಲ್ಲಿ ಕೂಡಿಸಿ ಹುಟ್ಟಿಸಿದ ಮಿಶ್ರತಳಿ ಅದು.

ದುಡ್ಡು ಹೋಗಿದ್ದಕ್ಕಿಂತ ನನಗೆ ಬೇಜಾರಾಗಿದ್ದು, ನೋಡಿದರೆ ಗೊತ್ತಾಗುವ ವಿಷಯ ನನಗೆ ನೋಡಲು ಬರಲಿಲ್ಲವಲ್ಲ ಅಂತ. ಆಮೇಲೆ ಕೂತು ಕಲಿತೆ. ಈಗಾಗಲೇ ಮನೆಯಲ್ಲಿ ದೊಡ್ಡ ಕ್ಯಾಟ್‌ಫಿಶ್ ಇರುವವರಿಗೂ, ತರಬೇಕು ಅಂತ ಆಸೆ ಇಟ್ಟುಕೊಂಡವರಿಗೂ ಇದು ಉಪಯೋಗಕ್ಕೆ ಬರಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಏಳೆಂಟು ಸಲ ನಿಮಗೆ ಸಿಗುವ ಉತ್ತರ "ಊರು ಗೊತ್ತಿಲ್ಲ" ಅಂತಲೇ. ಅದೂ ಒಂದು ಉತ್ತರವೇ. ಸುಳ್ಳು ಊರಿನ ಹೆಸರು ಅಂಟಿಸುವುದಕ್ಕಿಂತ ಎಷ್ಟೋ ವಾಸಿ.

ಹಂತ 1: ದೇಶ ಮರೆತುಬಿಡಿ, ಕೊಳ್ಳ ನೋಡಿ

ದಕ್ಷಿಣ ಅಮೆರಿಕ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಅಮೆಜಾನ್ ಒಂದೇ. ಎಡವುವುದು ಅಲ್ಲೇ. ಎರಡನೇ ತಪ್ಪು, ಮೀನಿಗೆ ದೇಶದ ಹೆಸರು ಕೊಡುವುದು. "ಕರ್ನಾಟಕದ ಮೀನು" ಅಂದರೆ ಕಾವೇರಿಯದೋ, ಕೃಷ್ಣೆಯದೋ, ನೇತ್ರಾವತಿಯದೋ ಗೊತ್ತಾಗುತ್ತದಾ? "ಕೊಲಂಬಿಯಾ ಮೀನು" ಅಂದರೂ ಅಷ್ಟೇ. ಕೊಲಂಬಿಯಾದ ಒಂದು ಭಾಗದ ನೀರು ಅಮೆಜಾನಿಗೆ ಹೋಗುತ್ತದೆ, ಇನ್ನೊಂದು ಭಾಗದ್ದು ಒರಿನೊಕೊಗೆ, ಮತ್ತೊಂದು ಮ್ಯಾಗ್ಡಲೀನಾ ನದಿಗೆ. ಮೂರರಲ್ಲೂ ಪಟ್ಟೆ ಇರುವ ಶವೆಲ್‌ನೋಸ್ ಇದೆ. ಮೂರೂ ಒಂದೇ ಅಲ್ಲ.

ಕೊಳ್ಳ ಅಂದರೆ ಒಂದು ನದಿಗೆ ನೀರು ಹರಿದು ಬರುವ ಇಡೀ ಪ್ರದೇಶ. ನೆನಪಿಡಬೇಕಾದ ಕೊಳ್ಳಗಳು ಆರು. ಅಮೆಜಾನ್. ಅದರ ಉತ್ತರಕ್ಕೆ ಒರಿನೊಕೊ, ಹೆಚ್ಚಿನ ಭಾಗ ವೆನೆಜುವೆಲಾ ಮತ್ತು ಕೊಲಂಬಿಯಾದಲ್ಲಿ. ಪೂರ್ವಕ್ಕೆ ಗಯಾನಾ, ಸುರಿನಾಮ್ ಕಡೆಯ ನದಿಗಳು, ಅವುಗಳಲ್ಲಿ ದೊಡ್ಡದು ಎಸ್ಸೆಕ್ವಿಬೊ. ಆಂಡಿಸ್ ಬೆಟ್ಟದ ಆಚೆ, ಕೆರಿಬಿಯನ್ ಸಮುದ್ರಕ್ಕೆ ಸೇರುವ ಮ್ಯಾಗ್ಡಲೀನಾ. ದಕ್ಷಿಣಕ್ಕೆ ಪರಾನಾ ಮತ್ತು ಪರಾಗ್ವೆ ನದಿಗಳ ಜೋಡಿ, ಪಾಂಟನಾಲ್ ಜೌಗು ಪ್ರದೇಶವೂ ಇದರೊಳಗೇ ಬರುತ್ತದೆ. ಕೊನೆಯದು ಪೂರ್ವ ಬ್ರೆಜಿಲಿನ ಸಾವ್ ಫ್ರಾನ್ಸಿಸ್ಕೊ.

ಇವು ಎಲ್ಲವೂ ಗೋಡೆ ಕಟ್ಟಿದ ಹಾಗೆ ಬೇರೆ ಬೇರೆ ಇಲ್ಲ, ಮಜಾ ಇರುವುದು ಅದರಲ್ಲೇ. ಒರಿನೊಕೊ ನದಿಯ ಒಂದು ಪಾಲು ನೀರು ಕಾಸಿಕ್ವಿಯಾರೆ ಅನ್ನುವ ಕವಲಿನಲ್ಲಿ ಹರಿದು ಅಮೆಜಾನಿನ ಉಪನದಿ ರಿಯೊ ನೆಗ್ರೊ ಸೇರುತ್ತದೆ, ಅಂದರೆ ಒರಿನೊಕೊಗೂ ಅಮೆಜಾನಿಗೂ ಪ್ರಕೃತಿಯೇ ತೋಡಿದ ಕಾಲುವೆ ಇದೆ. 1800ರಲ್ಲಿ ಜರ್ಮನ್ ಅನ್ವೇಷಕ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ದೋಣಿಯಲ್ಲಿ ಅದರಲ್ಲೇ ಹೋಗಿ ನೋಡಿ ಬಂದರು. ಗಯಾನಾದ ರುಪುನುನಿ ಬಯಲಿನಲ್ಲಿ ಮಳೆಗಾಲದ ನೆರೆ ಬಂದಾಗ ಎಸ್ಸೆಕ್ವಿಬೊ ಕಡೆಯ ನೀರೂ ಅಮೆಜಾನ್ ಕಡೆಯ ನೀರೂ ಒಂದಾಗುತ್ತವೆ. ಆದರೆ ಮ್ಯಾಗ್ಡಲೀನಾಕ್ಕೆ ಅಂಥ ದಾರಿ ಇಲ್ಲ. ಆಂಡಿಸ್ ಎದ್ದು ನಿಂತ ಮೇಲೆ ಅಲ್ಲಿನ ಮೀನುಗಳು ಲಕ್ಷಾಂತರ ವರ್ಷಗಳಿಂದ ಒಂಟಿ. ಹಾಗಾಗಿ ಅಮೆಜಾನ್, ಒರಿನೊಕೊ, ಎಸ್ಸೆಕ್ವಿಬೊ ಮೀನುಗಳನ್ನು ಬೇರೆ ಮಾಡಿ ಹೇಳುವುದು ಕಷ್ಟ. ಪರಾನಾ ಮೀನನ್ನು ಗುರುತಿಸುವುದು ಅದಕ್ಕಿಂತ ಸುಲಭ.

ಹಂತ 2: ರೆಡ್‌ಟೇಲ್ ಆದರೆ ಹುಡುಕಾಟ ಇಲ್ಲಿಗೇ ನಿಲ್ಲಿಸಿ

ನಿಮ್ಮದು ರೆಡ್‌ಟೇಲ್ ಕ್ಯಾಟ್‌ಫಿಶ್ ಆಗಿದ್ದರೆ, ಅಂದರೆ ಕಪ್ಪು ಬೆನ್ನು, ಪಕ್ಕದಲ್ಲಿ ಬಿಳಿ ಪಟ್ಟಿ, ಕೆಂಪು ಬಾಲ, ಅಂಗಡಿಯವರ ಬಾಯಲ್ಲಿ ಆರ್‌ಟಿಸಿ, ಊರು ಹುಡುಕುವ ಕೆಲಸ ಬೇಡ. ಫ್ರ್ಯಾಕ್ಟೊಸೆಫಾಲಸ್ ಹೆಮಿಯೊಲಿಯೊಪ್ಟೆರಸ್ ಅನ್ನುವ ಇದಕ್ಕೆ 1801ರಲ್ಲಿ ಹೆಸರಿಟ್ಟರು. ಈ ಕುಲದಲ್ಲಿ ಇವತ್ತು ಬದುಕಿರುವುದು ಇದೊಂದೇ ಜಾತಿ. ಅಮೆಜಾನ್, ಒರಿನೊಕೊ, ಎಸ್ಸೆಕ್ವಿಬೊ ಮೂರರಲ್ಲೂ ಇರುವುದು ಇದೇ. ಬ್ರೆಜಿಲಿನಲ್ಲಿ ಇದಕ್ಕೆ ಪಿರರಾರಾ ಅನ್ನುತ್ತಾರೆ. ಅಲ್ಲಿನ ಟುಪಿ ಭಾಷೆಯಲ್ಲಿ ಪಿರಾ ಅಂದರೆ ಮೀನು, ಅರಾರಾ ಅಂದರೆ ಮಕಾವ್ ಗಿಳಿ. ಆ ಬಣ್ಣ ನೋಡಿದರೆ ಹೆಸರು ಸರಿಯಾಗೇ ಇದೆ ಅನಿಸುತ್ತದೆ.

"ಒರಿನೊಕೊ ರೆಡ್‌ಟೇಲ್", "ಗಯಾನಾ ರೆಡ್‌ಟೇಲ್" ಅಂತ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ನಕ್ಕು ಮುಂದೆ ಹೋಗಿ. ಬಿಳಿ ಪಟ್ಟಿ ಒಂದರಲ್ಲಿ ಅಗಲ, ಇನ್ನೊಂದರಲ್ಲಿ ಸಪೂರ, ತಲೆಯ ಮೇಲೆ ಚುಕ್ಕೆ ಜಾಸ್ತಿ ಕಮ್ಮಿ, ಇದೆಲ್ಲ ಒಂದೊಂದು ಮೀನಿಗೆ ಒಂದೊಂದು ಥರ ಇರುತ್ತದೆ, ಜೊತೆಗೆ ಊಟ, ಬೆಳಕು, ವಯಸ್ಸು ಎಲ್ಲ ಸೇರಿ ಬದಲಾಗುತ್ತದೆ. ಅದನ್ನು ನೋಡಿ ನದಿ ಹೇಳಲು ಆಗುವುದಿಲ್ಲ. ಪ್ಲಾಟಿನಂ, ಆಲ್ಬಿನೊ, ಶಾರ್ಟ್ ಬಾಡಿ ಅಂತ ಬರುವವು ಆಗ್ನೇಯ ಏಷ್ಯಾದ ಫಾರ್ಮುಗಳಲ್ಲಿ ಆರಿಸಿ ಬೆಳೆಸಿದವು, ಅವಕ್ಕೆ ನದಿಯೇ ಇಲ್ಲ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಈಗ ಒಂದೇ ಜಾತಿ ಉಳಿದಿದ್ದರೂ ಹಿಂದೆ ಬೇರೆ ರೆಡ್‌ಟೇಲ್‌ಗಳಿದ್ದವು. ವೆನೆಜುವೆಲಾದ ಉತ್ತರ ತುದಿಯ ಉರುಮಾಕೊದಲ್ಲಿ ಸಿಕ್ಕ ಪಳೆಯುಳಿಕೆಗೆ 2003ರಲ್ಲಿ ಫ್ರ್ಯಾಕ್ಟೊಸೆಫಾಲಸ್ ನಾಸ್ಸಿ ಅಂತ ಹೆಸರಿಟ್ಟರು. ಇವತ್ತು ಉರುಮಾಕೊ ಒಣ ಬಯಲು, ಸುತ್ತಮುತ್ತ ಎಲ್ಲೂ ರೆಡ್‌ಟೇಲ್ ಇಲ್ಲ. ಆಗ ಅಲ್ಲಿ ದೊಡ್ಡ ನದಿಯೊಂದು ಹರಿಯುತ್ತಿತ್ತು.

ಹಂತ 3: ಟೈಗರ್ ಆದರೆ ಮೊದಲು ಫೋಟೊ ತೆಗೆಯಿರಿ

ಊರಿಗೆ ತಕ್ಕ ಹಾಗೆ ನಿಜವಾಗಿ ಬೇರೆ ಬೇರೆ ಇರುವುದು ಟೈಗರ್ ಶವೆಲ್‌ನೋಸ್, ಅಂದರೆ ಸ್ಯೂಡೋಪ್ಲಾಟಿಸ್ಟೋಮಾ ಕುಲ. ಹೆಸರು ಹೇಳುವ ಮೊದಲು ಮೀನನ್ನು ಸರಿಯಾಗಿ ನೋಡಬೇಕು, ಸುಮ್ನೆ ಗಾಜಿನ ಮುಂದೆ ಕೂತು ನೋಡಿದರೆ ಸಾಲದು.

ಬೆರಳುದ್ದದ ಮರಿ ನೋಡಿ ಯಾರಾದರೂ ಖಚಿತವಾಗಿ ಜಾತಿ ಹೇಳಿದರೆ ನಂಬಬೇಡಿ. ಮರಿಯ ಗುರುತು ಬೆಳೆಯುತ್ತಾ ಬದಲಾಗುತ್ತದೆ, ಪಟ್ಟೆ ಒಡೆದು ಚುಕ್ಕೆ ಆಗಬಹುದು, ಚುಕ್ಕೆ ಕೂಡಿ ಗೆರೆ ಆಗಬಹುದು. ಕಡಿಮೆ ಅಂದರೆ ಒಂದಡಿ ಆಗುವವರೆಗೆ ಕಾಯಿರಿ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಫೋಟೊ ತೆಗೆದು ತಾರೀಖು ಬರೆದಿಡಿ. ಈ ಸಾಲು ಫೋಟೊಗಳೇ ಮುಂದೆ ನಿಮಗೆ ಸಿಗುವ ಅತಿ ಒಳ್ಳೆಯ ಸಾಕ್ಷಿ.

ಫೋಟೊ ನಾಲ್ಕು ಬೇಕು: ಎಡಪಕ್ಕ, ಬಲಪಕ್ಕ, ಮೇಲಿನಿಂದ, ತಲೆಯದು ಹತ್ತಿರದಿಂದ. ಎಡಪಕ್ಕದ ಗುರುತು ಬಲಪಕ್ಕದ ಹಾಗೇ ಇರುವುದಿಲ್ಲ, ಅದಕ್ಕೇ ಎರಡೂ ಬೇಕು. ಫ್ಲ್ಯಾಶ್ ಹಾಕಬೇಡಿ, ಮೀನು ಬೆಚ್ಚಿ ಗಾಜಿಗೆ ಗುದ್ದುತ್ತದೆ. ಶವೆಲ್‌ನೋಸ್ ಮೂತಿ ಚಪ್ಪಟೆ, ಉದ್ದ, ಗಾಜಿಗೆ ಬಡಿದರೆ ಬೇಗ ಗಾಯ ಆಗುತ್ತದೆ. ಟ್ಯಾಂಕ್ ಲೈಟ್ ಹಾಕಿ ಒಂದು ಗಂಟೆ ಬಿಟ್ಟು ತೆಗೆಯಿರಿ. ಹೆದರಿದ ಮೀನು ಬಿಳಚಿಕೊಳ್ಳುತ್ತದೆ, ಕಪ್ಪು ಮರಳಿನ ಮೇಲಿದ್ದರೆ ಕಪ್ಪಾಗುತ್ತದೆ, ಹಾಗಾಗಿ ಬಣ್ಣಕ್ಕಿಂತ ಗುರುತಿನ ಆಕಾರ ಮುಖ್ಯ. ಬಲೆ ಹಾಕಿ ಹಿಡಿಯಬೇಡಿ. ಎದೆಯ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ನಿಮ್ಮ ಕೈಯೂ ಮೀನಿನ ರೆಕ್ಕೆಯೂ ಎರಡೂ ಹಾಳು.

ಹಂತ 4: ಪಟ್ಟೆ ಓದುವುದು

2007ರವರೆಗೆ ಲೆಕ್ಕ ಸುಲಭ ಇತ್ತು. ಮೂರೇ ಜಾತಿ: ಫ್ಯಾಸಿಯೇಟಮ್, ಟೈಗ್ರಿನಮ್, ಕೊರಸ್ಕನ್ಸ್. ಆ ವರ್ಷ ಬುಯಿತ್ರಾಗೊ ಸುವಾರೆಸ್ ಮತ್ತು ಬರ್ ಅನ್ನುವ ಇಬ್ಬರು ವಿಜ್ಞಾನಿಗಳು ಸಂಗ್ರಹಾಲಯಗಳ ಮೀನುಗಳನ್ನೆಲ್ಲ ಅಳೆದು, ಎಲುಬು ನೋಡಿ, ಇವು ಮೂರಲ್ಲ, ಎಂಟು ಅಂದರು. ಹಳೆಯ ಪುಸ್ತಕ ಓದಿ ಕಲಿತವರು ಇವತ್ತಿಗೂ ಪಟ್ಟೆ ಕಂಡ ಮೀನಿಗೆಲ್ಲ ಫ್ಯಾಸಿಯೇಟಮ್ ಅನ್ನುವುದು ಇದರಿಂದಲೇ. ಹೊಸ ಲೆಕ್ಕದಲ್ಲಿ ಫ್ಯಾಸಿಯೇಟಮ್ ಅನ್ನುವುದು ಗಯಾನಾ, ಸುರಿನಾಮ್ ಕಡೆಯ ನದಿಗಳ ಮೀನಿಗೆ ಮಾತ್ರ.

ಹೆಸರುಗಳನ್ನು ನೋಡಿ ಹೆದರಬೇಡಿ. ಲ್ಯಾಟಿನ್ ಹೆಸರಲ್ಲೇ ಗುರುತು ಅಡಗಿದೆ, ಅದನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಫ್ಯಾಸಿಯೇಟಮ್ ಅಂದರೆ ಪಟ್ಟಿ ಕಟ್ಟಿದ್ದು. ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿಯುವ ಕಪ್ಪು ಪಟ್ಟೆ, ಅದರ ಅಂಚಿಗೆ ಬಿಳಿ ಗೆರೆ. ಪಂಕ್ಟಿಫರ್ ಅಂದರೆ ಚುಕ್ಕೆ ಹೊತ್ತದ್ದು. ಇದು ಅಮೆಜಾನಿನದು. ಇದರಲ್ಲೂ ನೇರ ಪಟ್ಟೆ ಇರುತ್ತದೆ, ಜೊತೆಗೆ ಚುಕ್ಕೆಗಳೂ ಸೇರಿರುತ್ತವೆ. ಪೆರುವಿನಲ್ಲಿ ಇದನ್ನು ಡೊನ್ಸೆಯಾ ಅನ್ನುತ್ತಾರೆ, ಕನ್ಯೆ ಅಂತ ಅರ್ಥ, ಮೀನುಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯ ಮೀನು. ಒರಿನೊಕೊಯೆನ್ಸೆ ಅನ್ನುವುದು ಒರಿನೊಕೊ ಕೊಳ್ಳದ್ದು. ಈ ಮೂರನ್ನೂ ಫೋಟೊ ನೋಡಿ ಬೇರೆ ಮಾಡಲು ನನಗಂತೂ ಧೈರ್ಯವಿಲ್ಲ. ಕೊಳ್ಳಗಳ ನಡುವೆ ನೀರಿನ ದಾರಿ ಇದೆ ಅಂತ ಮೊದಲ ಹಂತದಲ್ಲಿ ಹೇಳಿದ್ದೆನಲ್ಲ, ಅದು ಇಲ್ಲಿ ಕೈಗೆ ತಾಗುತ್ತದೆ. 2007ರ ನಂತರ ನಡೆದ ಡಿಎನ್‌ಎ ಅಧ್ಯಯನಗಳಲ್ಲೂ ಎಂಟೂ ಬೇರೆ ಬೇರೆಯಾಗಿ ನಿಲ್ಲಲಿಲ್ಲ, ಕೆಲವನ್ನು ಮತ್ತೆ ಒಟ್ಟಿಗೆ ಸೇರಿಸಬೇಕು ಅನ್ನುವ ವಾದ ಇದೆ. ವಿಜ್ಞಾನಿಗಳೇ ಜಗಳ ಆಡುತ್ತಿರುವ ಕಡೆ ಅಂಗಡಿಯವರು ಖಡಾಖಂಡಿತ ಹೇಳಿದರೆ ಏನನ್ನಬೇಕು?

ರೆಟಿಕ್ಯುಲೇಟಮ್ ಅಂದರೆ ಬಲೆಯಂಥದ್ದು. ಇಲ್ಲಿ ಪಟ್ಟೆ ನೇರವಾಗಿ ಇಳಿಯುವುದಿಲ್ಲ, ಬಾಗುತ್ತದೆ, ಒಂದಕ್ಕೊಂದು ಕೂಡುತ್ತದೆ, ಬಲೆಯ ಕಣ್ಣುಗಳ ಹಾಗೆ ಕಾಣುತ್ತದೆ. ಮುಖ್ಯವಾಗಿ ಪರಾನಾ, ಪರಾಗ್ವೆ ಕಡೆಯದು, ಬ್ರೆಜಿಲಿನಲ್ಲಿ ಕಶಾರಾ ಅನ್ನುತ್ತಾರೆ. ಕೊರಸ್ಕನ್ಸ್ ಗುರುತಿಸುವುದು ಎಲ್ಲದಕ್ಕಿಂತ ಸುಲಭ: ಬೂದು ಮೈ ಮೇಲೆ ದುಂಡು ಕಪ್ಪು ಚುಕ್ಕೆ, ಚಿರತೆ ಹಾಗೆ. ಪರಾನಾ ಮತ್ತು ಸಾವ್ ಫ್ರಾನ್ಸಿಸ್ಕೊ ಎರಡರಲ್ಲೂ ಇದೆ. ಪಿಂಟಾಡೊ ಅಂತ ಕರೆಯುತ್ತಾರೆ, ಬಣ್ಣ ಬಳಿದದ್ದು ಅಂತ. ಈ ಕುಲದಲ್ಲಿ ಅತಿ ದೊಡ್ಡದು ಇದೇ, ಒಂದೂವರೆ ಮೀಟರ್ ದಾಟುತ್ತದೆ.

ಟೈಗ್ರಿನಮ್ ಅಮೆಜಾನಿನದು, ಹೆಸರೇ ಹುಲಿ. ಪಟ್ಟೆಗಳು ಹುಲಿಯದರ ಹಾಗೇ ಅಂಕುಡೊಂಕು, ಬಾಗಿ ಸುತ್ತಿ ಕೊಕ್ಕೆಗಳಾಗುತ್ತವೆ. ಬ್ರೆಜಿಲಿನಲ್ಲಿ ಕಪರಾರಿ. ಒರಿನೊಕೊದಲ್ಲಿ ಇದರ ಹತ್ತಿರದ ನೆಂಟ ಮೆಟಾಯೆನ್ಸೆ, ಮೆಟಾ ನದಿಯಿಂದ ಬಂದ ಹೆಸರು. ಅಮೆಜಾನಿನಲ್ಲಿ ಪಂಕ್ಟಿಫರ್ ಮತ್ತು ಟೈಗ್ರಿನಮ್ ಒಟ್ಟಿಗೇ ಬದುಕುತ್ತವೆ, ಒರಿನೊಕೊದಲ್ಲಿ ಒರಿನೊಕೊಯೆನ್ಸೆ ಮತ್ತು ಮೆಟಾಯೆನ್ಸೆ. ಅಂದರೆ ಒಂದು ಕೊಳ್ಳಕ್ಕೆ ಒಂದು ನೇರ ಪಟ್ಟೆಯದು, ಒಂದು ಡೊಂಕು ಪಟ್ಟೆಯದು. ಆದ್ದರಿಂದ ಕೊಳ್ಳ ಗೊತ್ತಾದರೂ ಜಾತಿ ಗೊತ್ತಾದ ಹಾಗಲ್ಲ.

ಎಂಟನೆಯದು ಮ್ಯಾಗ್ಡಲೀನಿಯಾಟಮ್, ಆಂಡಿಸ್ ಆಚೆಯ ಒಂಟಿ. ಕೊಲಂಬಿಯಾದಲ್ಲಿ ತಿನ್ನುವ ಮೀನಾಗಿ ವಿಪರೀತ ಹಿಡಿದು ಈಗ ತುಂಬಾ ಕಡಿಮೆಯಾಗಿದೆ. ಯಾರಾದರೂ ನಿಮಗೆ ಇದನ್ನು ಮಾರಲು ಬಂದರೆ ಮೊದಲು ಅನುಮಾನಪಡಿ, ನಿಜವೇ ಆಗಿದ್ದರೆ ಕೊಳ್ಳಬೇಡಿ.

ಈಗ ನಿಮ್ಮ ಫೋಟೊ ಎದುರಿಗಿಟ್ಟುಕೊಂಡು ಹೀಗೆ ಕೇಳಿಕೊಳ್ಳಿ. ಬರೀ ಚುಕ್ಕೆಯಾ, ಪಟ್ಟೆಯಾ? ಬರೀ ಚುಕ್ಕೆ ಆದರೆ ಕೊರಸ್ಕನ್ಸ್ ಕಡೆ ನೋಡಿ. ಪಟ್ಟೆ ಆದರೆ ನೇರವಾ, ಬಾಗಿದೆಯಾ? ನೇರ ಆದರೆ ಫ್ಯಾಸಿಯೇಟಮ್ ಗುಂಪು ಅಂತಷ್ಟೇ ಬರೆಯಿರಿ. ಬಾಗಿ ಬಲೆ ಆಗಿದ್ದರೆ ರೆಟಿಕ್ಯುಲೇಟಮ್, ಬಾಗಿ ಕೊಕ್ಕೆ ಆಗಿದ್ದರೆ ಟೈಗ್ರಿನಮ್ ಗುಂಪು. ಅಲ್ಲಿಗೆ ನಿಲ್ಲಿಸಿ. ಫೋಟೊದಿಂದ ಅದರಾಚೆ ಹೋಗಬೇಡಿ.

ಹಂತ 5: ಮಿಶ್ರತಳಿ ಅಲ್ಲ ಅಂತ ಖಚಿತ ಮಾಡಿಕೊಳ್ಳಿ

ನಿಜ ಹೇಳಬೇಕೆಂದರೆ ಇದನ್ನು ಮೊದಲನೇ ಹಂತ ಮಾಡಬೇಕಿತ್ತು. ಆದರೆ ಶುದ್ಧ ಮೀನು ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಬೆರಕೆ ಗುರುತಿಸಲು ಆಗುವುದಿಲ್ಲ.

ಈ ಮೀನುಗಳು ಮನೆಯ ಟ್ಯಾಂಕಿನಲ್ಲಿ ಮರಿ ಹಾಕುವುದಿಲ್ಲ. ನದಿಯಲ್ಲಿ ಮಳೆಗಾಲಕ್ಕೆ ದೂರ ಈಜಿ ಹೋಗಿ ಮೊಟ್ಟೆ ಇಡುವಂಥವು. ಫಾರ್ಮಿನಲ್ಲಿ ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಹೆಣ್ಣಿನ ಮೊಟ್ಟೆ ಹಿಂಡಿ, ಗಂಡಿನ ವೀರ್ಯ ಬೆರೆಸುತ್ತಾರೆ. ಒಮ್ಮೆ ಕೈಯಲ್ಲೇ ಬೆರೆಸುವುದು ಅಂತಾದ ಮೇಲೆ ಯಾವುದಕ್ಕೆ ಯಾವುದನ್ನು ಬೇಕಾದರೂ ಬೆರೆಸಬಹುದು, ಅಲ್ವಾ? ಬ್ರೆಜಿಲಿನಲ್ಲಿ ಊಟದ ಮೀನಿಗಾಗಿ ಪಿಂಟಾಡೊ ಮತ್ತು ಕಶಾರಾ ಕೂಡಿಸುತ್ತಾರೆ. ಬೆರಕೆಯ ಮೈ ಮೇಲೆ ಚುಕ್ಕೆಯೂ ಗೆರೆಯೂ ಇರುವುದರಿಂದ ಅದಕ್ಕೆ "ಪೊಂಟೊ ಇ ವಿರ್ಗುಲಾ" ಅನ್ನುವ ಹೆಸರೂ ಇದೆ. ಅರ್ಧವಿರಾಮ ಚಿಹ್ನೆ ಅಂತ! ಬಿಂದು, ಅದರ ಕೆಳಗೊಂದು ಬಾಲ. ಲೈರಿಯಸ್ ಮಾರ್ಮೊರೇಟಸ್ ಅನ್ನುವ ಉದ್ದ ಮೀಸೆಯ ಇನ್ನೊಂದು ಕ್ಯಾಟ್‌ಫಿಶ್ ಜೊತೆಯೂ ಕೂಡಿಸುತ್ತಾರೆ. ಆಗ್ನೇಯ ಏಷ್ಯಾದ ಅಲಂಕಾರಿಕ ಮೀನಿನ ಫಾರ್ಮುಗಳಿಂದ ಬರುವುದು ನನಗೆ ಸಿಕ್ಕಂಥ ರೆಡ್‌ಟೇಲ್ ಬೆರಕೆ.

ಗುರುತು ಏನು? ಟೈಗರ್ ಅಂತ ತಂದ ಮೀನಿನ ಬಾಲದಲ್ಲಿ ಕಿತ್ತಳೆ ಅಥವಾ ಕೆಂಪು ಛಾಯೆ ಬಂದರೆ, ಮೂತಿ ಸಲಿಕೆಯ ಹಾಗೆ ಉದ್ದ ಇರದೆ ಮೊಂಡಾಗಿದ್ದರೆ, ಪಟ್ಟೆ ಅಂಚು ಮಸುಕಾಗಿ ಕಲೆಗಳ ಹಾಗಿದ್ದರೆ, ರೆಡ್‌ಟೇಲ್ ಬೆರಕೆ. ಮೀಸೆ ಬೆನ್ನಿನ ರೆಕ್ಕೆ ದಾಟಿ ಬಹಳ ಹಿಂದಕ್ಕೆ ಹೋಗಿದ್ದರೆ, ಬೆನ್ನಿನ ರೆಕ್ಕೆ ಹಾಯಿಯ ಹಾಗೆ ಎತ್ತರ ಇದ್ದರೆ ಲೈರಿಯಸ್ ಬೆರಕೆ. ಪಟ್ಟೆ, ಚುಕ್ಕೆ, ಬಲೆ ಮೂರೂ ಒಂದೇ ಮೈ ಮೇಲೆ ಕಲಸುಮೇಲೋಗರ ಆಗಿದ್ದರೆ ಪಿಂಟಾಡೊ ಕಶಾರಾ ಬೆರಕೆ ಇರಬಹುದು. ಮೀನಿನಲ್ಲಿ ಏನೂ ತಪ್ಪಿಲ್ಲ, ಅದೂ ಚೆನ್ನಾಗೇ ಬದುಕುತ್ತದೆ, ನನ್ನದು ನನಗೆ ಬಲು ಪ್ರೀತಿಯ ಮೀನಾಗಿತ್ತು. ಆದರೆ ಅದಕ್ಕೆ ಕೊಳ್ಳದ ಹೆಸರು ಬರೆಯುವ ಹಾಗಿಲ್ಲ.

ಹಂತ 6: ಮಾರುವವರನ್ನು ಕೇಳುವುದು

ಮೀನಿನ ಮೈ ಹೇಳದ್ದನ್ನು ಅದು ಬಂದ ಪೆಟ್ಟಿಗೆ ಹೇಳುತ್ತದೆ. "ಇದು ಯಾವ ದೇಶದ್ದು?" ಅಂತ ಕೇಳಬೇಡಿ, ನಿಮಗೆ ಬೇಕಾದ ದೇಶದ ಹೆಸರೇ ಸಿಗುತ್ತದೆ. "ಬಾಕ್ಸ್ ಯಾವ ಊರಿಂದ ಬಂತು, ಎಷ್ಟು ಬಂತು, ಯಾವ ತಿಂಗಳಲ್ಲಿ?" ಅಂತ ಕೇಳಿ.

ಪೆರುವಿನ ಇಕಿಟೊಸ್ ಅಂದರೆ ಮೇಲಿನ ಅಮೆಜಾನ್, ಅದು ಹೆಚ್ಚು ಕಡಿಮೆ ನಂಬಬಹುದಾದ ಸುಳಿವು. ಗಯಾನಾದ ಜಾರ್ಜ್‌ಟೌನ್ ಅಂದರೆ ಎಸ್ಸೆಕ್ವಿಬೊ ಕಡೆಯದು ಇರಬಹುದು. ಕೊಲಂಬಿಯಾದ ಬೊಗೋಟಾ ಅಂದರೆ ಏನೂ ಗೊತ್ತಾಗುವುದಿಲ್ಲ. ಒರಿನೊಕೊ ಕಡೆಯ ಮೀನೂ ಬೊಗೋಟಾಗೆ ಬರುತ್ತದೆ, ಅಮೆಜಾನ್ ದಡದ ಲೆಟಿಸಿಯಾದಿಂದ ವಿಮಾನದಲ್ಲಿ ಬರುವ ಮೀನೂ ಅಲ್ಲಿಗೇ ಬರುತ್ತದೆ. ಬ್ಯಾಂಕಾಕ್, ಸಿಂಗಾಪುರ, ಜಕಾರ್ತಾ ಅಂದರೆ ಮಾತು ಮುಗಿಯಿತು, ಬಹುತೇಕ ಫಾರ್ಮ್ ಮೀನು. ನಮ್ಮ ಅಂಗಡಿಗಳಲ್ಲಿ ನಾನು ಕಂಡ ಮರಿಗಳಲ್ಲಿ ಹೆಚ್ಚಿನವು ಈ ಗುಂಪಿನವೇ.

ಕಣ್ಣಲ್ಲೇ ಕಾಣುವ ಸುಳಿವೂ ಇದೆ. ಟ್ಯಾಂಕಿನಲ್ಲಿ ನೂರು ಮರಿ ಇದ್ದು ನೂರೂ ಒಂದೇ ಅಳತೆಯವಾದರೆ, ವರ್ಷವಿಡೀ ಸಿಗುತ್ತಿದ್ದರೆ ಫಾರ್ಮಿನವು. ನದಿಯಲ್ಲಿ ಹಿಡಿದವು ಋತು ನೋಡಿ ಬರುತ್ತವೆ, ನಾಲ್ಕೈದು ಇರುತ್ತವೆ, ಒಂದು ಸಣ್ಣದು ಒಂದು ದೊಡ್ಡದು, ಹೊಟ್ಟೆ ಒಳಗೆ ಹೋಗಿರುತ್ತದೆ, ಮೀಸೆ ತುಂಡಾಗಿರುತ್ತದೆ.

ಹಂತ 7: ಬೇರೆ ದೊಡ್ಡ ಕ್ಯಾಟ್‌ಫಿಶ್‌ಗಳು, ಬೇಗ ಬೇಗ

ಕಪ್ಪು ಮೈಗೆ ಪಕ್ಕದಲ್ಲಿ ಗರಗಸದಂಥ ಮುಳ್ಳಿನ ಸಾಲು ಇರುವ ಆಕ್ಸಿಡೋರಸ್ ನಿಮ್ಮಲ್ಲಿದ್ದರೆ: ಅಮೆಜಾನಿನದು ನೈಗರ್, ಪರಾನಾದ್ದು ಕ್ನೆರಿ, ಒರಿನೊಕೊದ್ದು ಸಿಫೊಂಟೆಸಿ. ಮೂರೂ ಅಣ್ಣತಮ್ಮಂದಿರ ಹಾಗಿವೆ, ಪೆಟ್ಟಿಗೆಯ ಊರು ಗೊತ್ತಿಲ್ಲದೆ ಹೇಳಬೇಡಿ. ಜುಂಗಾರೊ ಕುಲದಲ್ಲಿ ಪರಾನಾದ್ದು ಜಾಹು, ಅಮೆಜಾನ್ ಕಡೆಯದು ಜುಂಗಾರೊ ಜುಂಗಾರೊ. ಚುಕ್ಕೆಯ ಪೆರುನಿಕ್ತಿಸ್ ವೆನೆಜುವೆಲಾದ ಮರಕಾಯ್ಬೊ ಕಡೆಯದು, ಅದನ್ನು ಲೈರಿಯಸ್ ಜೊತೆ ಗೊಂದಲ ಮಾಡಿಕೊಳ್ಳುವವರು ತುಂಬಾ ಜನ.

ಬ್ರ್ಯಾಕಿಪ್ಲಾಟಿಸ್ಟೋಮಾ ಕುಲದ ಡೊರಾಡೊ ಬಗ್ಗೆ ಊರು ಕೇಳುವುದೇ ತಪ್ಪು. ಅದು ಹುಟ್ಟುವುದು ಆಂಡಿಸ್ ಬುಡದ ಹೊಳೆಗಳಲ್ಲಿ, ಬೆಳೆಯುವುದು ಅಮೆಜಾನ್ ಸಮುದ್ರ ಸೇರುವ ಜಾಗದಲ್ಲಿ, ಮೊಟ್ಟೆ ಇಡಲು ಮತ್ತೆ ಬೆಟ್ಟದ ಬುಡಕ್ಕೆ. ಹೋಗಿ ಬರುವ ದಾರಿ ಸುಮಾರು 11,600 ಕಿಲೋಮೀಟರ್ ಅಂತ 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು, ಸಿಹಿನೀರಲ್ಲೇ ಇಷ್ಟು ದೂರ ಹೋಗುವ ಬೇರೆ ಮೀನು ಗೊತ್ತಿಲ್ಲ. ಅದನ್ನು ಗಾಜಿನ ಡಬ್ಬಿಯಲ್ಲಿ ಇಡುವ ಯೋಚನೆ ಬಿಡಿ.

ಹಂತ 8: ಊರು ಗೊತ್ತಾದ ಮೇಲೆ ನೀರು, ಬಿಸಿ, ಜಾಗ

ಇಷ್ಟೆಲ್ಲ ಕಷ್ಟಪಟ್ಟು ಊರು ಹುಡುಕಿ ಏನು ಪ್ರಯೋಜನ ಅಂತ ಕೇಳಿದರೆ, ಮೊದಲನೆಯದು ಬಿಸಿ. ಅಮೆಜಾನ್, ಒರಿನೊಕೊ ಮೀನುಗಳಿಗೆ ವರ್ಷವಿಡೀ 26ರಿಂದ 28 ಡಿಗ್ರಿ ಬೇಕು. ಪರಾನಾ ಮೀನುಗಳು ಚಳಿಗಾಲ ಕಂಡವು, ದಕ್ಷಿಣದಿಂದ ತಂಪು ಗಾಳಿ ಬೀಸಿದಾಗ ಪಾಂಟನಾಲ್ ನೀರೂ ತಣ್ಣಗಾಗುತ್ತದೆ, 22 ಡಿಗ್ರಿಗೆ ಇಳಿದರೆ ಅವಕ್ಕೆ ಗಾಬರಿ ಇಲ್ಲ. ಬೆಂಗಳೂರು, ಮೈಸೂರಿನ ಡಿಸೆಂಬರ್ ರಾತ್ರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕ್ ಸುಮಾರು ಅಷ್ಟಕ್ಕೆ ಬರುತ್ತದೆ. ಪಿಂಟಾಡೊ ತಡೆಯುತ್ತದೆ, ಅಮೆಜಾನ್ ಟೈಗರ್ ಊಟ ಬಿಡುತ್ತದೆ. ಮಂಗಳೂರಿನವರಿಗೆ ಈ ಚಿಂತೆ ಇಲ್ಲ. ಊರು ಗೊತ್ತಿಲ್ಲದ ಮೀನಿಗೆ 26 ಇಡಿ, ಯಾವುದಕ್ಕೂ ತೊಂದರೆ ಆಗುವುದಿಲ್ಲ. ಹೀಟರನ್ನು ಸಂಪ್‌ನಲ್ಲಿ, ಅಂದರೆ ಟ್ಯಾಂಕಿನ ಹೊರಗಿನ ಫಿಲ್ಟರ್ ತೊಟ್ಟಿಯಲ್ಲಿ ಇಡಿ, ಟ್ಯಾಂಕಿನೊಳಗಿಟ್ಟರೆ ರೆಡ್‌ಟೇಲ್ ಒಡೆದುಹಾಕುತ್ತದೆ, ಕೆಲವೊಮ್ಮೆ ನುಂಗಲೂ ನೋಡುತ್ತದೆ. ದೊಡ್ಡ ಜಲ್ಲಿಕಲ್ಲೂ ಬೇಡ, ಅದೇ ಕಾರಣಕ್ಕೆ.

ನೀರಿನ ವಿಷಯದಲ್ಲಿ ಊರಿನ ಹುಚ್ಚು ಬೇಡ. ರಿಯೊ ನೆಗ್ರೊದ ಕಪ್ಪು ನೀರಿನ ಪಿಎಚ್ 4ರಿಂದ 5 ಅಂತ ಓದಿ ಕೆಲವರು ಟ್ಯಾಂಕಿಗೆ ಆ್ಯಸಿಡ್ ಹಾಕುತ್ತಾರೆ. ಅಮೆಜಾನಿನ ಮುಖ್ಯ ನದಿ ಕೆಸರುನೀರಿನದು, ಅದರ ಪಿಎಚ್ 7ರ ಆಸುಪಾಸು, ಈ ದೊಡ್ಡ ಕ್ಯಾಟ್‌ಫಿಶ್‌ಗಳಲ್ಲಿ ಹೆಚ್ಚಿನವು ಆರಾಮಾಗಿ ಇರುವುದು ಅದರಲ್ಲೇ. ಪಿಎಚ್ 6ಕ್ಕಿಂತ ಇಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸೊರಗುತ್ತದೆ, ಇಷ್ಟು ದೊಡ್ಡ ಮೀನಿನ ಹೇಲು ಉಚ್ಚೆ ಕರಗಿಸುವವರು ಯಾರು? ನಮ್ಮ ಬೋರ್‌ವೆಲ್ ನೀರು ಗಡಸು, ಆದರೂ ನಿಧಾನಕ್ಕೆ ಒಗ್ಗಿಸಿದರೆ ಒಗ್ಗುತ್ತವೆ. ನಲ್ಲಿಯ ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ. ವಾರಕ್ಕೆ ಮೂರನೇ ಒಂದು ಪಾಲು ನೀರು ಬದಲಿಸಿ. ಇವಕ್ಕೆ ಹುರುಪೆ ಇಲ್ಲ, ತಾಮ್ರದ ಔಷಧಿ ಮೈಗೆ ನೇರ ತಾಗುತ್ತದೆ, ಅದನ್ನು ಬಿಟ್ಟುಬಿಡಿ.

ಊಟಕ್ಕೆ ಸಿಗಡಿ, ಮೀನಿನ ತುಂಡು, ಮುಳುಗುವ ಪೆಲೆಟ್. ಕೋಳಿ, ದನದ ಮಾಂಸದ ಕೊಬ್ಬು ಇವಕ್ಕೆ ಜೀರ್ಣ ಆಗುವುದಿಲ್ಲ. ಜೀವಂತ ಗೋಲ್ಡ್‌ಫಿಶ್ ಹಾಕುವ ಚಟ ಬೇಡ, ಅದರಲ್ಲಿ ವಿಟಮಿನ್ ಬಿ1 ಕೆಡಿಸುವ ಕಿಣ್ವ ಇದೆ. ದೊಡ್ಡದಾದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು.

ಜಾಗದ ಲೆಕ್ಕ ಕೇಳಿದರೆ ಬಹಳ ಜನ ಎದ್ದು ಹೋಗುತ್ತಾರೆ. ಒಂದು ಮೀಟರ್ ಮೀನು ತಿರುಗಲು ಟ್ಯಾಂಕಿನ ಅಗಲ ಅದರ ಉದ್ದಕ್ಕಿಂತ ಸಾಕಷ್ಟು ಜಾಸ್ತಿ ಇರಬೇಕು. 12 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳ ಅಂದರೆ ಸುಮಾರು 6,100 ಲೀಟರ್, ಆರು ಟನ್ ನೀರು. ಮಹಡಿ ಮೇಲೆ ಇಡುವ ಮುಂಚೆ ಎಂಜಿನಿಯರ್ ಕೇಳಿ. ನೆಲಮಟ್ಟದ ಸಿಮೆಂಟ್ ತೊಟ್ಟಿಯೇ ಒಳ್ಳೆಯದು, ಮೇಲೆ ಗಟ್ಟಿ ಜಾಲರಿ ಹಾಕಿ, ಶವೆಲ್‌ನೋಸ್ ಹಾರುತ್ತದೆ.

ಹಂತ 9: ಚೀಟಿ ಬರೆಯುವುದು

ಒಂದು ಚೀಟಿಯಲ್ಲಿ ಗುಂಪು, ಕೊಳ್ಳ, ತಂದ ತಾರೀಖು, ಪೆಟ್ಟಿಗೆ ಬಂದ ಊರು, ಇದನ್ನು ಹೇಗೆ ತಿಳಿದಿರಿ ಅನ್ನುವುದು ಬರೆದು ಟ್ಯಾಂಕಿಗೆ ಅಂಟಿಸಿ. "ಫ್ಯಾಸಿಯೇಟಮ್ ಗುಂಪು, ಕೊಳ್ಳ ಗೊತ್ತಿಲ್ಲ, ಫಾರ್ಮ್ ಮೀನು" ಅಂತ ಬರೆಯಲು ನಾಚಿಕೆ ಬೇಡ. ಮೀನು ಇನ್ನೊಬ್ಬರ ಕೈಗೆ ಹೋದಾಗ ಚೀಟಿಯೂ ಹೋಗಲಿ.

ಸಾಕಲು ಆಗದಿದ್ದರೆ ಕೆರೆಗೆ, ಹೊಳೆಗೆ ಮಾತ್ರ ಬಿಡಬೇಡಿ. 2018ರ ಕೇರಳದ ನೆರೆಯಲ್ಲಿ ಸಾಕಿದ ಅರಪೈಮಾ ಅನ್ನುವ ದಕ್ಷಿಣ ಅಮೆರಿಕದ ದೈತ್ಯ ಮೀನುಗಳು ತಪ್ಪಿಸಿಕೊಂಡು ನದಿ ಸೇರಿದವು. 2020ರಲ್ಲಿ ವಾರಾಣಸಿ ಹತ್ತಿರ ಗಂಗೆಯಲ್ಲೇ ದಕ್ಷಿಣ ಅಮೆರಿಕದ ಸಕ್ಕರ್ ಕ್ಯಾಟ್‌ಫಿಶ್ ಸಿಕ್ಕಿತು. ರೆಡ್‌ಟೇಲ್ ಬಾಯಿಗೆ ಹಿಡಿಸುವ ಯಾವ ಮೀನೂ ಅದರ ಪಾಲಿಗೆ ಊಟ. ನಮ್ಮ ಕೆರೆಗಳಲ್ಲಿ ಬಾಳೆ ಮೀನು, ಮುರುಗೋಡು ಉಳಿದಿರುವುದೇ ಕಷ್ಟದಲ್ಲಿ.

ನನ್ನ ಆ "ಪೆರು ಟೈಗರ್" ಮೂರಡಿ ಹತ್ತಿರ ಬಂದಾಗ, ಊರಾಚೆ ತೋಟದಲ್ಲಿ ದೊಡ್ಡ ತೊಟ್ಟಿ ಕಟ್ಟಿಸಿದ್ದ ಗೆಳೆಯನಿಗೆ ಕೊಟ್ಟೆ. ಚೀಟಿಯಲ್ಲಿ "ರೆಡ್‌ಟೇಲ್ ಟೈಗರ್ ಬೆರಕೆ, ನದಿ ಇಲ್ಲ" ಅಂತ ಬರೆದಿದ್ದೆ. ಅವನು ಅದನ್ನು ಲ್ಯಾಮಿನೇಟ್ ಮಾಡಿಸಿ ತೊಟ್ಟಿಯ ಗೋಡೆಗೆ ತೂಗುಹಾಕಿದ್ದಾನೆ, ನೋಡಲು ಬಂದ ಮಕ್ಕಳು "ನದಿ ಇಲ್ಲ ಅಂದ್ರೇನು ಅಂಕಲ್?" ಅಂತ ಕೇಳುತ್ತಾರಂತೆ.